ಊರಿಗೆ ಹೋದ ಮಗಳು

ಯಂಕಮ್ಮ ಗಂಡನ ಪ್ಯಾಂಟನ್ನು ಕಲ್ಲಿಗೆ ಹಾಕಿ ಉಜ್ಜುತ್ತಿದ್ದಳು. ಸಿಮೆಂಟು ಮೆತ್ತಿ ಬಟ್ಟೆ ಯಾವುದು, ಕಲ್ಲು ಯಾವುದು ತಿಳಿಯದಂತಾಗಿತ್ತು. ಬೇಸರವಾಗಲಿ ಸಿಟ್ಟಾಗಲಿ ಅವಳಿಗೆ ಬರುತ್ತಿರಲಿಲ್ಲ. ಕಟ್ಟಡದ ಕೆಲಸಕ್ಕೆಂದು ತೆಲುಗು ನಾಡಿನ ಮಿಯಾಪುರದ ಈ ಶೆಡ್ಡಿಗೆ ಬಂದ ಮೇಲೆ, ಕೈ ಮಾಡುವ ಕೆಲಸವನ್ನು ಮನಸ್ಸು ನೋಡುವುದನ್ನೇ ಬಿಟ್ಟಿತ್ತು.

"ಯಂಕಮ್ಮಾರೆ, ಮಗಳು ಅದಾಳೇನ್ರಿ?"

ತಲೆ ಎತ್ತಿದರೆ ವಿಜಯಶ್ರೀ. ಓದು ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಬರುವ ಸಂಸ್ಥೆಯವಳು. ಕಲಬುರಗಿ ಕಡೆಯವಳಾದ್ದರಿಂದ ಕನ್ನಡದಲ್ಲೇ ಮಾತು.

"ಊರಿಗೆ ಹೋಗ್ಯಾಳ್ರಿ."

"ಹೋದ ಸಲಾನೂ ಊರಾಗ, ಅದರ ಹಿಂದಿನ ಸಲಾನೂ ಊರಾಗ. ಅಲ್ಲೇನು ಪಂಚಾಯ್ತಿ ಮೆಂಬರ್ ಆಗ್ಯಾಳೇನವ್ವ?"

ಯಂಕಮ್ಮ ನಗಲಿಲ್ಲ. ಮಕ್ಕಳ ಬಗ್ಗೆ ಯಾರೇ ಕೇಳಲಿ, ಊರಿಗೆ ಹೋಗ್ಯಾರ ಅನ್ನಬೇಕು ಎಂದು ಕೆಲಸಕ್ಕೆ ಕರೆತಂದ ಮೇಸ್ತ್ರಿ ಹೇಳಿಕೊಟ್ಟಿದ್ದ. ಎಂಟನೇ ಕ್ಲಾಸು ಬಿಡಿಸಿ ಮಗಳು ಭಾಗ್ಯಶ್ರೀಯನ್ನು ಇಟ್ಟಿಗೆ ಹೊರಲು ಕರೆದೊಯ್ದ ದಿನಗಳಲ್ಲಿ ಆ ಮಾತು ತಪಾಸಣೆಯವರಿಂದ ಕಾಪಾಡಿತ್ತು. ಈಗ ಅವಳಿಗೆ ಹದಿನೆಂಟು ತುಂಬಿದೆ. ಕೆಲಸವನ್ನೂ ಬಿಟ್ಟು ಮನೆಯಲ್ಲೇ ಕೂತಿದ್ದಾಳೆ. ಹೆದರಲು ಕಾರಣ ಉಳಿದಿಲ್ಲ. ಮಾತು ಮಾತ್ರ ತಾನಾಗಿ ಬರುತ್ತದೆ.

"ಕೇಳ್ರಿ," ಎಂದು ವಿಜಯಶ್ರೀ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. "ನಾವು, ಓಪನ್ ಸ್ಕೂಲಿನವರು, ಬೇಗಂಪೇಟಿ ದವಾಖಾನಿಯವರು ಕೂಡಿ ಒಂದು ತರಬೇತಿ ಮಾಡಾಕತ್ತೀವಿ. ಮುಂಜಾನೆ ಹತ್ತನೇ ಕ್ಲಾಸಿನ ಓದು, ಮಧ್ಯಾಹ್ನ ದವಾಖಾನ್ಯಾಗ ಕೆಲಸ ಕಲಿಸ್ತಾರ. ಪಾಸಾದ್ರ ಅಲ್ಲೇ ನೌಕರಿ. ಹೆಸರು ಬರಸಾಕ ನಾಳೆ ದವಾಖಾನಿಗೆ ಬರಬೇಕು, ನಾಳೆ ಬಿಟ್ರ ಮುಂದಿನ ವರ್ಷಾನ."

"ಬಂದ್ರ ಹೇಳ್ತೀನ್ರಿ."

ವಿಜಯಶ್ರೀ ಶೆಡ್ಡಿನ ಬಾಗಿಲ ಪರದೆಯನ್ನು ಒಂದು ಗಳಿಗೆ ನೋಡಿ, ಎದ್ದು ಹೋದಳು.

ಯಂಕಮ್ಮ ಒಳಗೆ ಬಂದಳು. ಭಾಗ್ಯಶ್ರೀ ಗೋಡೆಗೆ ಒರಗಿ, ಸದ್ದಿಲ್ಲದ ಫೋನಿನ ಮೇಲೆ ಬೆರಳಾಡಿಸುತ್ತಿದ್ದಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದಳು ತಾಯಿ.

"ಅನ್ನಕ್ಕ ಇಡ್ಲೇನಬೇ?" ಅಂದಳು ಮಗಳು.

"ಆ ಹೆಣ್ಮಗಳು ಅಂದಿದ್ದು ಕೇಳ್ತೇನು?"

"ನನಗ ಹ್ಯಾಂಗ ಕೇಳ್ತೈತಿ? ನಾ ಊರಾಗ ಅದೀನಲ್ಲ."

ಹುಡುಗಿ ನಗಲೂ ಇಲ್ಲ, ಮುನಿಸಿಕೊಳ್ಳಲೂ ಇಲ್ಲ. ಎದ್ದು ಅಕ್ಕಿ ತೊಳೆಯತೊಡಗಿದಳು. ನೀರಲ್ಲಿ ಆಡುವ ಆ ಕೈಯನ್ನು ಯಂಕಮ್ಮ ನೋಡಿದಳು. ತನ್ನದೇ ಕೈ. ಅದು ಏನು ಮಾಡುತ್ತಿದೆಯೆಂದು ಮಗಳ ಮನಸ್ಸೂ ನೋಡುತ್ತಿರಲಿಲ್ಲ.

ಸಂಜೆ ಗಂಡ ಸೂಗಪ್ಪ ಕೈಕಾಲು ತೊಳೆದು ಬಂದ. "ಯಾರೋ ಹೆಣ್ಮಗಳು ಬಂದಿದ್ಲಂತಲ್ಲ?"

"ಹಾಂ. ಬಂದು ಹೋದ್ರು. ಉಣ್ಣಾಕ ಬರ್ರಿ."

ಹೇಳಿದರೆ 'ನೋಡೋಣಂತ' ಅನ್ನುತ್ತಾನೆ. ಅವನ 'ನೋಡೋಣ'ದಲ್ಲೇ ಎಷ್ಟೋ ವರ್ಷ ಕಳೆದಿದ್ದವು. ಮಗಳಿಗೆ ಹೇಳಿದರೆ ಯಾಕವ್ವ ಅಂದಾಳು.

ಮೆಟ್ರೋ ಓಡುವುದನ್ನು ಯಂಕಮ್ಮ ದಿನಾ ನೋಡಿದ್ದಳು, ಒಮ್ಮೆಯೂ ಹತ್ತಿರಲಿಲ್ಲ. ಅಮೀರ್‌ಪೇಟೆಯಲ್ಲಿ ಇಳಿದು ಬೇಗಂಪೇಟೆಗೆ ಬೇರೆ ಗಾಡಿ ಹಿಡಿಯಬೇಕಂತೆ. ಕೇಳಿಕೊಂಡು ಹೋದರಾಯಿತು. ನಾಳೆ ಗಂಡ ಕೆಲಸಕ್ಕೆ ಹೊರಟ ಮೇಲೆ, ಹೊಸ ಚೂಡಿದಾರ ಹಾಕ್ಕೋ ಅಂತ ಮಗಳಿಗೆ ಅಷ್ಟೇ ಹೇಳುವುದು.

ಗಂಡನ ತಾಟಿಗೆ ಇನ್ನೊಂದು ಸೌಟು ಸಾರು ಹಾಕಿ, ಅವಳು ಸೆರಗಿನ ಗಂಟಿನಲ್ಲಿದ್ದ ನೋಟುಗಳನ್ನು ಮುಟ್ಟಿ ನೋಡಿಕೊಂಡಳು.