ಇಂಟರ್‌ವಲ್ ಆದಮೇಲೆ

ಟಿವಿಯಲ್ಲಿ ಮತ್ತೆ ಅದೇ ಸೋಪಿನಪುಡಿ ಜಾಹೀರಾತಿನ ಹೆಂಗಸು, ಅದೇ ಬಿಳಿ ಅಂಗಿ ಕೊಡವುತ್ತಿದ್ದಾಳೆ, ಕೊಡವೇ ತಾಯಿ, ಎಷ್ಟು ಸಲ ಕೊಡವುತ್ತೀಯೋ ಕೊಡವು — ಅಯ್ಯೋ, ನಾನು ಯಾಕೆ ಎದ್ದು ನಿಂತಿದ್ದೇನೆ, ಸೆರಗು ಬೇರೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ, ಕಾಲು ತಾವಾಗಿಯೇ ಎದ್ದುಬಿಟ್ಟಿವೆ, ಸಿನಿಮಾದ ತಾಯಿ ತೆಪ್ಪ ಹತ್ತಿ ಮಗಳಿಗೆ ಕೈಬೀಸಿದಳೆಂದರೆ ಇಂಟರ್‌ವಲ್ಲು, ಇಂಟರ್‌ವಲ್ಲೆಂದರೆ ನಾವು ಮನೆಗೆ ಹೊರಡುವ ಹೊತ್ತು, ಕೋಡಿಹಳ್ಳಿಯ ಟೆಂಟಿಗೆ ಈ ಸಿನಿಮಾ ಬಂದಾಗಲೆಲ್ಲ ಹೀಗೇ, ಹೆಂಗಸರ ಕಡೆಯ ಮರಳಲ್ಲಿ ಗುಂಡಿ ಮಾಡಿಕೊಂಡು ಕುಳಿತಿರುತ್ತಿದ್ದ ನನ್ನ ರಟ್ಟೆ ಹಿಡಿದು ಅವ್ವ ಎಳೆಯುತ್ತಿದ್ದಳು, ಏಳೆ ಕೆಂಪಿ, ಹುಳ ಹಸ್ಕೊಂಡವೆ, ಸೊಪ್ಪು ಹಾಕ್ಬೇಕು, ಸಿನ್ಮಾ ಎಲ್ಗೂ ಓಡೋಗಾಕಿಲ್ಲ, ನಾನು ಹೊರಳಾಡಿ ಅಳುತ್ತಿದ್ದೆ, ಅವಳು ಬಿಡುತ್ತಿರಲಿಲ್ಲ, ನಾಲ್ಕನೇ ಜ್ವರ ಎದ್ದ, ಕೊನೆಯ ಪೊರೆ ಬಿಟ್ಟ ರೇಷ್ಮೆಹುಳು ಕೇಳಬೇಕೇ, ಸೊಪ್ಪು ತಡವಾದರೆ ಸಾವಿರ ತಲೆ ಎತ್ತಿ ಹುಡುಕುತ್ತವೆ, ಬಾಯಿಲ್ದ ಜೀವ ಕಣೆ, ಹೊಟ್ಟೆ ಉರುಸ್ಬಾರ್ದು. ಈಗ ಯಾವ ಹುಳ, ಯಾವ ಸೊಪ್ಪು, ಆ ಹಿಪ್ಪುನೇರಳೆ ತೋಟದ ಮೇಲೆ ಕಲ್ಲು ಕೊಯ್ಯುವ ಫ್ಯಾಕ್ಟರಿ ನಿಂತು ಮೂರು ವರ್ಷವಾಯಿತು, ಟೆಂಟು ಇದ್ದ ಜಾಗದಲ್ಲಿ ಅದರ ಲಾರಿಗಳು ನಿಲ್ಲುತ್ತವೆ, ಕುಳಿತುಕೋ ಕೆಂಪಿ, ಭಾನುವಾರ, ಗಾರ್ಮೆಂಟ್ಸಿನ ವ್ಯಾನು ಬರುವುದಿಲ್ಲ, ಐಜೂರಿನ ಈ ಒಂದು ಕೋಣೆಯಲ್ಲಿ ನಿನಗೆ ಎದ್ದು ಹೋಗುವ ಜಾಗವಾದರೂ ಎಲ್ಲಿದೆ, ಇವತ್ತಾದರೂ ಮುಂದಿನದ್ದು ನೋಡು.

ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಆ ಮಗ್ಗುಲಲ್ಲಷ್ಟೇ ಉಸಿರು ಸಲೀಸು, ಟಿವಿ ಅವಳ ಬೆನ್ನಿಗೆ, ಕಿವಿ ಮಾತ್ರ ಇತ್ತ, ಎಲ್ಗಂಟ ಬಂತೆ, ತೆಪ್ಪ ಹತ್ತಿದ್ಲು ಕಣವ್ವ, ಹೂಂ. ಅನ್ನನಾಳದಲ್ಲಿ ಗಡ್ಡೆ, ಮನೆಗೆ ಕರ್ಕೊಂಡು ಹೋಗಿ, ಆಸೆಪಟ್ಟಿದ್ದು ಕೊಡಿ ಅಂದರು ಡಾಕ್ಟರು, ನುಂಗಲಾರದವಳಿಗೆ ಏನು ಕೊಡಲಿ ಸ್ವಾಮಿ, ಬೆಳಿಗ್ಗೆ ಒಂದು ಚಮಚ ಗಂಜಿ ತುಟಿಗಿಟ್ಟರೆ ತಲೆ ಆಡಿಸಿಬಿಟ್ಟಳು, ನಾನು ಹಣ್ಣಾಗಿವ್ನಿ ಕಣೆ, ಹಣ್ಣಾದ್ ಹುಳ ಸೊಪ್ಪು ಮುಟ್ಟಾಕಿಲ್ಲ, ಬಿದ್ರು ಚಂದ್ರಿಕೆಗೆ ಹಾಕ್ಬುಡು, ಗೂಡು ಕಟ್ಕೊತೀನಿ — ಹಾಗಂದು ನಕ್ಕಳು, ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು, ಬಾಯಿ ಮುಚ್ಕೊಂಡು ಮನೀಕೊ ಅಂತ ಗದರಿ ಬಚ್ಚಲಿಗೆ ಹೋಗಿ ಅತ್ತೆ. ಆಗಲೂ ಹೀಗೇ ಗದರುತ್ತಿದ್ದೆ, ಸಿನಿಮಾ ಅರ್ಧಕ್ಕೇ ಬಿಡಿಸಿಕೊಂಡು ಬಂದಳಲ್ಲ ಅಂತ ಉಣ್ಣದೆ ಮುಖ ಊದಿಸಿ ಹುಳುಮನೆಯ ಮೂಲೆ ಹಿಡಿಯುತ್ತಿದ್ದೆ, ಅವಳು ತಟ್ಟೆ ತಟ್ಟೆಗೆ ಸೊಪ್ಪು ಹರಡುತ್ತ ಮುಂದಿನ ಕತೆ ಹೇಳುತ್ತಿದ್ದಳು, ಹುಳುಗಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ, ಆಮ್ಯಾಕೆ ಏನಾಯ್ತು ಗೊತ್ತೇನೆ, ಕತ್ಲು ಗವ್ವಂತ ಐತೆ, ಮಗು ದಡದಲ್ಲಿ ಕುಂತದೆ, ಹೊಳೆ ಮಧ್ಯ ಮಿಣುಕು ಮಿಣುಕು ಒಂದು ಲಾಟೀನು, ಅವ್ರವ್ವ ಬತ್ತಾವ್ಳೆ, ಮಡ್ಲಲ್ಲಿ ಅಕ್ಕಿ, ಕೈಯಲ್ಲಿ ಲಾಟೀನು, ಲಾಟೀನಿನ ಗಾಜು ಸೀಳೋಗೈತೆ, ಅದ್ಕೊಂದು ಕಾಗ್ದ ಅಂಟ್ಸವ್ಳೆ, ದಡಕ್ಕೆ ಇಳ್ದೋಳೇ ಮಗೀನ ಸೊಂಟಕ್ಕೆತ್ಕೊಂಡ್ಲು, ನೀನೀಗ ಉಂಡ್ಕೊ. ನಾನು ಉಣ್ಣುತ್ತಿದ್ದೆ.

ಸೋಪಿನವಳು ಹೋದಳು, ಹೊಳೆ ಬಂತು, ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಿಷನ್ನಿನ ಉಮಾಮಹೇಶ್ವರಿಯ ಸೊಕ್ಕು ಈಗ ಮುರಿಯುತ್ತದೆ, ಕಾಲರು ಹೊಲಿಯುತ್ತ ನಾನು ಲಾಟೀನಿನ ಸೀನು ಹೇಳಿದರೆ ಅಂಥಾ ಸೀನೇ ಇಲ್ಲ ಕಣೆ, ನಮ್ಮಪ್ಪಾಜಿ ಜೊತೆ ಕನಕಪುರದಲ್ಲಿ ಪೂರ್ತಿ ನೋಡಿದೀನಿ ಅಂದಳಲ್ಲ, ಬಿಟ್ಟೇನೇ ನಾನು, ಕಣ್ಣಾರೆ ನೋಡಿವ್ನಿ ಕಣೆ, ಗಾಜಿಗಂಟಿಸಿದ ಕಾಗದ ಸಮೇತ ನೋಡಿವ್ನಿ, ಸೂಪರ್‌ವೈಸರು ಬಂದು ಬಯ್ಯುವ ತನಕ ಜಗಳ, ವಾರವಾಯಿತು ಮಾತಿಲ್ಲ — ಆದರೆ ಕಣ್ಣಾರೆ ಎಲ್ಲಿ ನೋಡಿದೆ, ಯಾವತ್ತು ನೋಡಿದೆ, ಸೀಳು ಗಾಜಿಗೆ ಪೋಸ್ಟ್‌ಕಾರ್ಡಿನ ಚೂರು ಅಂಟಿಸಿದ ಲಾಟೀನು ನಮ್ಮ ಹುಳುಮನೆಯ ತೊಲೆಯಲ್ಲಿ ತೂಗುತ್ತಿತ್ತು, ಅಯ್ಯೋ ದೇವರೇ. ಅವ್ವ, ಈ ಸಿನ್ಮಾ ನೀನು ಪೂರ್ತಿ ನೋಡಿದ್ದೆ ತಾನೆ? ನಾನೆಲ್ಲಿ ನೋಡ್ದೆ, ನಿನ್ ಜೊತ್ಗೇ ಎದ್ದು ಬತ್ತಿದ್ನಲ್ಲ, ಯಾವ್ ಸಿನ್ಮಾದೂ ಹಿಂದಿನ್ ಅರ್ಧ ನಾನು ಕಂಡೋಳಲ್ಲ, ಅದ್ಕೇ ಕೇಳ್ತಿರಾದು, ನೋಡ್ಕೊಂಡು ಹೇಳೆ, ಇವತ್ತು ನೀನು ಹೇಳು. ಹೇಳುತ್ತೇನೆ ಇರವ್ವ, ಕತ್ತಲಾಗಿದೆ, ಮಗು ದಡದಲ್ಲಿ ಕುಳಿತಿದೆ, ಅಲ್ಲಿ ತನಕ ನೀನು ಹೇಳಿದ್ದು ಸರಿಯೇ, ಏನೋ ಬರುತ್ತಿದೆ, ತೆಪ್ಪ, ತೆಪ್ಪವೇ, ಬೆಳಕಿಲ್ಲ, ತಿರುಗುತ್ತಿದೆ, ಹುಟ್ಟು ಹಾಕುವವರಿಲ್ಲದ ತೆಪ್ಪ ತನ್ನಷ್ಟಕ್ಕೆ ತಿರುಗುತ್ತ ಬರುತ್ತಿದೆ, ಒಳಗೆ ಯಾರೂ ಇಲ್ಲ, ಮಗು ಎದ್ದು ನಿಂತಿತು. ಬಂದ್ಲೇನೆ? ಬತ್ತಾವ್ಳೆ ಕಣವ್ವ. ಲಾಟೀನು ಐತಾ? ಐತೆ. ಗಾಜಿಗೆ ಕಾಗ್ದ ಅಂಟ್ಸೈತಾ? ಐತೆ ಅಂದೆ. ಹಂಗಾರೆ ನಮ್ದೇ ಕಣೆ, ಅಂದಳು, ಬೆನ್ನು ಅಲುಗಿತು, ನಕ್ಕಳೋ ಕೆಮ್ಮಿದಳೋ, ನನ್ನ ಸುಳ್ಳು ಗೊತ್ತಾಗಿಬಿಟ್ಟಿದೆ ಅವಳಿಗೆ, ಗೊತ್ತಾಗಿಯೂ ಕೇಳುತ್ತಿದ್ದಾಳೆ, ಇಳುದ್ಲಾ, ದಡಕ್ಕೆ ಇಳುದ್ಲೇನೆ — ಇಳಿದಳು ಅನ್ನೇ ಕೆಂಪಿ, ಒಂದು ಮಾತು, ಮಗುವನ್ನು ಸೊಂಟಕ್ಕೆತ್ತಿಕೊಂಡಳು ಅನ್ನು, ಅವಳು ನಿನಗೆ ಪ್ರತಿ ಸಲವೂ ಅಂದಿರಲಿಲ್ಲವೇ, ಉಣ್ಣಿಸಿರಲಿಲ್ಲವೇ, ನಾಲಿಗೆ ಏಳುತ್ತಿಲ್ಲ, ತೆಪ್ಪ ದಡಕ್ಕೆ ತಾಗಿತು, ನಿಲ್ಲಲಿಲ್ಲ, ಮತ್ತೆ ತಿರುಗಿತು, ಇಳುದ್ಲೇನೆ, ತಿರುಗುತ್ತಿದೆ ಅವ್ವ, ತೆಪ್ಪ ತಿರುಗುತ್ತಿದೆ, ಒಳಗೆ ಯಾರೂ ಇಲ್ಲ, ತಿರುಗುತ್ತಿದೆ