ನಲವತ್ತೊಂದನೇ ಪುಟದ ಹಾಡು

ಹೊಸ ಜಾನಪದ ಗೀತೆಗಳ ಸಂಕಲನದ ನಲವತ್ತೊಂದನೇ ಪುಟ ಓದಿದ ರಯೀಸನಿಗೆ ಮೈಯೆಲ್ಲ ಉರಿದುಹೋಯಿತು. ‘ಕ್ರಾಸಲ್ಲಿ ನಿಂತ ಬಸ್ಸು’ ಹಾಡಿನ ಕೆಳಗೆ ಅಚ್ಚಾಗಿತ್ತು: ‘ಜಾನಪದ. ಕರ್ತೃ ಅಜ್ಞಾತ.’

ತಿಪಟೂರಿನಲ್ಲಿ ಬೈಕ್ ರಿಪೇರಿ ಮಾಡುವ ರಯೀಸ್ ಆ ಹಾಡಿಗೆ ರಾಗ ಹಾಕಿದ್ದು 2017ರಲ್ಲಿ. ಪದ ಕಟ್ಟಿದವಳು ಹುಳಿಯಾರು ಕಡೆಯ ಗೊಲ್ಲರಹಟ್ಟಿಯ ಕೆಂಚಕ್ಕ. ಹಾಡುವವಳೂ ಅವಳೇ. ಅವಳ ತಂಗಿಯ ಮಗ ಕೃಷ್ಣಕುಮಾರ್ ಡ್ರಮ್ಸ್ ಬಾರಿಸುತ್ತಾನೆ. ಬ್ಯಾಂಡಿನ ಹೆಸರು ‘ಕಿಬ್ಬನಹಳ್ಳಿ ಕ್ರಾಸ್’. ಎಂಟು ವರ್ಷದಿಂದ ಈ ಸೀಮೆಯಲ್ಲಿ ಫಂಕ್ ಎಂಬ ಕುಣಿಸುವ ಅಮೆರಿಕನ್ ಸಂಗೀತ ನುಡಿಸುತ್ತಿರುವವರು ಈ ಮೂವರೇ. ಮದುವೆ ಮನೆಗಳಲ್ಲಿ ‘ಸಿನಿಮಾ ಹಾಡು ಹೊಡೀರಿ’ ಎಂದು ಗದರಿಸಿಕೊಂಡಿದ್ದರು. ನೊಣವಿನಕೆರೆಯ ಯಜಮಾನರೊಬ್ಬರು ರಯೀಸನ ಬೇಸ್ ಗಿಟಾರು ತೋರಿಸಿ, ‘ಆ ದಪ್ಪ ತಂತೀದು ಕೇಳ್ಸೋದೇ ಇಲ್ಲ, ಒಂದಾಳು ಕಮ್ಮಿ ಮಾಡ್ರಪ್ಪ’ ಎಂದಿದ್ದರು. ಅದನ್ನೆಲ್ಲ ನುಂಗಿಕೊಂಡಿದ್ದಾಯಿತು. ಇದು ಗಂಟಲಲ್ಲಿ ಇಳಿಯಲಿಲ್ಲ.

ಪುಸ್ತಕ ಬಿಡುಗಡೆಗೆ ಅರ್ಧ ಗಂಟೆ ಇತ್ತು. ಅಲ್ಲಿ ಆ ಹಾಡು ನುಡಿಸಬೇಕಾದವರೂ ಇವರೇ. ರಯೀಸ್ ಉಳಿದಿಬ್ಬರನ್ನೂ ಕರೆದುಕೊಂಡು ಹೋಗಿ ಪುಸ್ತಕದ ಸಂಪಾದಕ ಸೂರ್ಯಪ್ರಕಾಶರನ್ನು ಅಡ್ಡಗಟ್ಟಿದ.

“ಸಾರ್, ಹಾಡಲ್ಲಿ ಮೊಬೈಲ್ ರೀಚಾರ್ಜ್ ಬತ್ತದೆ. ಯಾವ ಪೂರ್ವಿಕರು ಮಾಡಿಸ್ತಿದ್ರು ಹೇಳಿ?”

“ಜಾನಪದ ಕಾಲಕ್ಕೆ ತಕ್ಕಂತೆ ಬದಲಾಗುತ್ತಪ್ಪ. ನಾನೇನು ಊಹಿಸಿ ಬರೆದಿಲ್ಲ. ಯಾರು ಕಟ್ಟಿದ್ದು ಅಂತ ಈಯಮ್ಮನ್ನೇ ಕೇಳ್ದೆ. ‘ನಮ್ದೇನಿಲ್ಲ, ದೊಡ್ಡೋರು ಕೊಟ್ಟಿದ್ದು’ ಅಂದ್ರು. ರೆಕಾರ್ಡ್ ಆಗಿದೆ.”

ರಯೀಸ್ ಕೆಂಚಕ್ಕನ ಕಡೆ ತಿರುಗಿದ. “ಹಂಗಂದ್ಯಾ ಅಕ್ಕ?”

“ಇನ್ನೇನನ್ಲಿ? ಪದ ಹೇಳೋರು ‘ನಂದು’ ಅಂದ್ರೆ ನಮ್ಮಟ್ಟೀಲಿ ಮಕಕ್ಕೆ ಉಗೀತಾರೆ ಕಣ್ಲಾ.”

“ಈಗಾದ್ರೂ ನಿಂದು ಅನ್ನು.”

“ಅನ್ನಾಕಿಲ್ಲ, ಬುಡು.” ಕೆಂಚಕ್ಕ ಸೆರಗು ಬಿಗಿದು ಸಂಪಾದಕರ ಎದುರು ನಿಂತಳು. “ನಂದು ಅಂತ ನಾನನ್ಬಾರ್ದು ಸ್ವಾಮಿ. ಇವುಂದು ಅನ್ಬೌದಲ್ಲ? ರಾಗ ಇವುಂದು. ನಮ್ಮನೆ ಜಗಲೀಲಿ ಮೂರು ದಿನ ಕೂತು ಹಾಕವ್ನೆ. ಬರ್ಕಳಿ.”

“ಪದ ಅಕ್ಕಂದು,” ಎಂದ ರಯೀಸ್. “ಅದ್ನೂ ಬರ್ಕೊಳ್ಳಿ.”

“ಐನೂರು ಪ್ರತಿ ಅಚ್ಚಾಗಿಹೋಗಿದೆಯಲ್ಲ! ಮುಂದಿನ ಮುದ್ರಣದಲ್ಲಿ ನೋಡೋಣ.”

“ಹಂಗಾದ್ರೆ ಹಾಡನ್ನೂ ಮುಂದಿನ ಮುದ್ರಣದಲ್ಲೇ ಕೇಳ್ಕಳಿ ಸಾರ್,” ಎಂದ ಕೃಷ್ಣಕುಮಾರ್.

ರಯೀಸ್ ಗಿಟಾರಿನ ವೈರು ಕಿತ್ತ. ಅತಿಥಿಗಳು ಬಂದರು, ದೀಪ ಹಚ್ಚಿದರು. ನಿರೂಪಕಿ ಎರಡು ಸಲ ಕರೆದಳು. ಮೂವರೂ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತೇ ಇದ್ದರು. ಸಭೆಯಲ್ಲಿ ಗುಸುಗುಸು ಎದ್ದಿತು.

ಕೊನೆಗೆ ಸೂರ್ಯಪ್ರಕಾಶ್ ಕೆಂಪು ಮುಖ ಹೊತ್ತು ಕೆಳಗಿಳಿದು ಬಂದರು. ಕಂಕುಳಲ್ಲಿ ಪುಸ್ತಕದ ಕಟ್ಟು, ಕೈಯಲ್ಲಿ ಪೆನ್ನು.

“ನಿನ್ನ ಪೂರ್ತಿ ಹೆಸರು ಹೇಳಯ್ಯ.”

“ಮೊದ್ಲು ಅಕ್ಕಂದು ಬರೀರಿ ಸಾರ್,” ಎಂದ ರಯೀಸ್, ಕಟ್ಟಿದ್ದ ಕೈ ಬಿಚ್ಚದೆ.