ಬರುವ ಭಾನುವಾರ

"ಅಕ್ಕ, ಸಿಂಕಿಗೆ ಯಾಕೆ ಹಾಕ್ತೀಯ? ಪಾತ್ರೆ ತೊಳೆಯೋ ಮೆಷಿನ್ ಇರೋದು ಯಾತಕ್ಕೆ?" ಎಂದು ಮೊಮ್ಚಿಲ್ ಮೇಜಿನ ಆಚೆ ತುದಿಯಿಂದಲೇ ಕೇಳಿದ.

ದೊನ್ಕಾಳ ಕೈಯಲ್ಲಿ ಮೀನಿನ ಮುಳ್ಳು ತುಂಬಿದ ತಟ್ಟೆಗಳಿದ್ದವು. ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಬೆಳಿಗ್ಗೆ ಸಮಾಧಿಯ ಮೇಲೆ ದ್ರಾಕ್ಷಾರಸ ಹೊಯ್ದು, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚಿ ಬಂದಿದ್ದರು. ನೆರೆಯವರೆಲ್ಲ ಉಂಡು ಹೋದ ಮೇಲೆ ಮೇಜಿನ ಮುಂದೆ ಉಳಿದವರು ಸೋಫಿಯಾ ನಗರದಿಂದ ಬಂದಿದ್ದ ತಮ್ಮ ಮತ್ತು ಸ್ತೊಯಾ ಚಿಕ್ಕಮ್ಮ ಇಬ್ಬರೇ.

ಮೊಮ್ಚಿಲ್‌ಗೆ ಕುಡಿದ ರಾಕಿಯಾ ಸಾರಾಯಿ ತುಸು ಏರಿತ್ತು. "ಅಮ್ಮನಿಗೆ ನಾನೇನೂ ಹೆಚ್ಚು ಮಾಡ್ಲಿಲ್ಲ ಚಿಕ್ಕಮ್ಮ, ನಂಗೊತ್ತು. ಆದ್ರೆ ಈ ಮೆಷಿನ್ ತಂದು ಕೂರಿಸಿದ್ದೊಂದು ಮಾಡ್ದೆ. ಆ ಗಂಟುಕಟ್ಟಿದ ಬೆರಳುಗಳನ್ನ ತಣ್ಣೀರಿಗೆ ಹಾಕೋದು ತಪ್ಪಿಸ್ದೆ."

"ನಿಮ್ಮಮ್ಮನೂ ಅದನ್ನೇ ಹೇಳ್ತಿದ್ಲು ಕಣೋ," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಮಗ ಅಂದ್ರೆ ಹಿಂಗಿರ್ಬೇಕು ಅಂತ ಬೀದಿಯೆಲ್ಲ ಸಾರ್ಕೊಂಡು ಬರೋಳು."

ಅಮ್ಮನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ದೊನ್ಕಾ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ. ತಟ್ಟೆಗಳನ್ನು ಕಟ್ಟೆಯ ಮೇಲಿಟ್ಟು, "ಹಾಗಾದ್ರೆ ನೀನೇ ಹಾಕಪ್ಪ," ಎಂದಳಷ್ಟೆ.

ಅವನು ಕೋಟಿನ ತೋಳು ಮೇಲೇರಿಸಿಕೊಂಡು ಬಂದ. ಬಾಗಿಲು ತೆಗೆದಾಗ ಯಂತ್ರದೊಳಗಿನಿಂದ ಹೊಸ ರಬ್ಬರಿನ ವಾಸನೆ ಬಂತು. ಅವನು ಅದನ್ನು ಗಮನಿಸಲಿಲ್ಲ. ತಟ್ಟೆಗಳನ್ನು ಜೋಡಿಸಿ ಗುಂಡಿ ಒತ್ತಿದ. ಯಂತ್ರ ಒಂದಷ್ಟು ಹೊತ್ತು ಗುಂಯ್‌ಗುಟ್ಟಿ, ಕೆಂಪು ದೀಪ ಮಿಟುಕಿಸಿ, ಸುಮ್ಮನಾಯಿತು.

"ನೀರೇ ತಗೋತಿಲ್ವಲ್ಲ. ಯಾವಾಗಿಂದ ಹಿಂಗೆ?"

"ನೀನು ಕೂರಿಸಿ ಹೋದಾಗಿಂದ."

ಅಕ್ಕ ತಮಾಷೆ ಮಾಡುತ್ತಿದ್ದಾಳೆಂದು ಅವನು ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಆಮೇಲೆ ಕೋಟು ಬಿಚ್ಚಿಟ್ಟು, ಯಂತ್ರವನ್ನು ಮುಂದಕ್ಕೆಳೆದು, ಸಿಂಕಿನ ಕೆಳಗಿನ ನಲ್ಲಿ ನಿಲ್ಲಿಸಿ, ನೀರಿನ ಕೊಳವೆ ತಿರುಗಿಸಿ ತೆಗೆದ. ಕೊಳವೆಯ ಬಾಯೊಳಗೆ, ಧೂಳು ಹೋಗದಿರಲೆಂದು ಕಾರ್ಖಾನೆಯವರು ಸಿಕ್ಕಿಸಿದ್ದ ಪ್ಲಾಸ್ಟಿಕ್ ಬಿರಡೆ ಹಾಗೇ ಕೂತಿತ್ತು. ಯಂತ್ರ ಕೂರಿಸಿದ ದಿನ ಕೆಳಗೆ ಗೆಳೆಯನ ಕಾರು ಹಾರ್ನ್ ಹೊಡೆಯುತ್ತಿತ್ತು. ಓಡಿಸಿ ನೋಡಲು ಪುರಸೊತ್ತಿರಲಿಲ್ಲ. ಬರುವ ಭಾನುವಾರ ಬಂದು ತೋರಿಸಿಕೊಡ್ತೀನಿ ಎಂದು ಅಮ್ಮನ ಕೆನ್ನೆಗೆ ಮುತ್ತಿಟ್ಟು ಅವನು ಮೆಟ್ಟಿಲಿಳಿದಿದ್ದ. ಬಂದಾಗಲೆಲ್ಲ ಬಂದದ್ದು ಹಬ್ಬಕ್ಕೆ, ಊಟಕ್ಕೆ. ಅಮ್ಮನೂ ಫೋನಿನಲ್ಲಿ, ಕನ್ನಡಿ ಹಾಗೆ ತೊಳೆಯುತ್ತಪ್ಪ ಎನ್ನುತ್ತಿದ್ದಳು. ದೊನ್ಕಾ ಬ್ರೆಡ್ಡಿನ ಕಾರ್ಖಾನೆಗೆ ಹೋದ ಹೊತ್ತಿನಲ್ಲಿ, ಸಿಂಕಿನ ಮುಂದೆ ಸ್ಟೂಲು ಹಾಕಿಕೊಂಡು ಅಮ್ಮನೇ ತೊಳೆಯುತ್ತಿದ್ದಳು.

ಬಿರಡೆ ಕಿತ್ತು ಕೊಳವೆ ಸೇರಿಸಿದ. ನಲ್ಲಿ ಬಿಟ್ಟಾಗ ನೆಲಕ್ಕೊಂದಿಷ್ಟು ಚಿಮ್ಮಿತು. ಇನ್ನಷ್ಟು ಬಿಗಿ ಮಾಡಿದ. ಯಂತ್ರದೊಳಗೆ ನೀರು ಸುರಿಯತೊಡಗಿತು.

ಅವನ ಮುಖ ಬಾಡುವುದನ್ನು ನೋಡಬೇಕೆಂದು ದೊನ್ಕಾ ಕಾದಿದ್ದಳು. ಬಾಡಿದ್ದು ಅರೆಗಳಿಗೆ ಮಾತ್ರ.

"ಐದು ನಿಮಿಷದ ಕೆಲಸ," ಎಂದು ಅವನು ಎದ್ದು ನಿಂತ. "ಒಂದು ಫೋನ್ ಮಾಡೋಕಾಗ್ಲಿಲ್ವಾ ಅಕ್ಕ? ಹೋಗ್ಲಿ, ರಿಪೇರಿಯವನನ್ನಾದ್ರೂ ಕರೀಬಹುದಿತ್ತಲ್ಲ. ನಿನ್ನ ಹಟಕ್ಕೆ ಅಮ್ಮ ಒದ್ದಾಡಿದ್ಲು."

"ಹೌದು ಕಣೆ, ಹೇಳ್ಬೇಕಿತ್ತು," ಎಂದಳು ಚಿಕ್ಕಮ್ಮ. "ಹೇಳ್ದೆ ಗಂಡಸ್ರಿಗೆ ಹೇಗೆ ಗೊತ್ತಾಗುತ್ತೆ?"

ದೊನ್ಕಾ ಮಂಡಿಯೂರಿ ನೆಲದ ನೀರು ಒರೆಸುತ್ತಿದ್ದಳು. ತಲೆಯೆತ್ತದೆ ಮಾತಾಡಿದಳು.

"ರಿಪೇರಿಯವನು ಬಂದಿದ್ದ. ಅಮ್ಮನೇ ಬಾಗಿಲಿಂದ ವಾಪಸ್ ಕಳಿಸಿದ್ಲು. ಮಗ ಕೂರಿಸಿದ್ದು, ಬೇರೆಯವ್ರು ಬಿಚ್ಚಿದ್ರೆ ಬೇಜಾರ್ ಮಾಡ್ಕೋತಾನೆ ಅಂದ್ಲು. ನಿಂಗೆ ಹೇಳ್ಕೂಡ್ದು ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡ್ಲು. ಶನಿವಾರ ಬಂತು ಅಂದ್ರೆ ಆ ಸಿಂಕಿನ ಕೆಳಗಿರೋ ಡಬ್ಬಿಗಳನ್ನೆಲ್ಲ ಈಚೆ ತೆಗೆದಿಡೋಳು, ನೀನು ಬಂದ್ರೆ ನಲ್ಲಿ ಕೈಗೆ ಸಿಗ್ಲಿ ಅಂತ. ಭಾನುವಾರ ಕತ್ತಲಾದ್ಮೇಲೆ ಮತ್ತೆ ಒಳಗಿಡೋಳು."

"ಎಷ್ಟು ದಿನ ಹಾಗೆ ಮಾಡಿದ್ಲು?" ಎಂದು ಮೊಮ್ಚಿಲ್ ಕೇಳಿದ.

"ಬಗ್ಗೋಕಾಗೋವರೆಗೂ. ಆಮೇಲೆ ನನ್ನ ಕೈಲಿ ತೆಗೆಸೋಳು."

ಮೊಮ್ಚಿಲ್ ಚಿಕ್ಕಮ್ಮನ ಕಡೆ ನೋಡಿದ. ಅವಳು ಮೇಜುಬಟ್ಟೆಯ ಸುಕ್ಕು ನೀವುತ್ತ ಕೂತಿದ್ದಳು. ಅವನು ಕೋಟು ಹಾಕಿಕೊಂಡ. ಒಂದು ತೋಳು ಬೇಗ ಸಿಗಲಿಲ್ಲ.

"ಇದನ್ನ ಇವತ್ತೇ ಹೇಳ್ಬೇಕಿತ್ತಾ ನೀನು?" ಎಂದ. "ಇವತ್ತಿನ ದಿನ?"

ದೊನ್ಕಾ ಬಟ್ಟೆ ಹಿಂಡಿ ಹರವಿದಳು. ಉಳಿದ ಗೋಧಿಯ ಬಟ್ಟಲೆತ್ತಿಕೊಂಡು, ಕೆಳಮನೆಯ ಮುದುಕಿಗೆ ಕೊಟ್ಟುಬರಲೆಂದು ಮೆಟ್ಟಿಲಿಳಿದಳು. ಕಟ್ಟಡದ ಹೆಬ್ಬಾಗಿಲಿಗೆ ಅಂಟಿಸಿದ್ದ ಅಮ್ಮನ ಚಿತ್ರವಿದ್ದ ಆರು ತಿಂಗಳ ಸ್ಮರಣೆಯ ಕಾಗದ, ಡ್ಯಾನ್ಯೂಬ್ ನದಿಯ ಕಡೆಯಿಂದ ಬೀಸುವ ಗಾಳಿಗೆ ಒಂದು ಮೂಲೆ ಬಿಟ್ಟುಕೊಂಡಿತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದಳು. ಒದ್ದೆ ಬೆರಳಿಗೆ ಶಾಯಿ ಹತ್ತಿತು. ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಮತ್ತೊಮ್ಮೆ ಒತ್ತಿದಳು. ಕೈ ತೆಗೆದ ಕೂಡಲೆ ಮೂಲೆ ಮತ್ತೆ ಎದ್ದಿತು.